ಸಂಕಟ ಹೇಳಿಕೊಳ್ಳಲು ದುಭಾಷಿ ಬೇಕೆ?



ರಂಗಂಪೇಟೆಯ ಯಾವುದೇ ಓಣಿಯಲ್ಲಿ ಒಬ್ಬ ತಾಯಿಯನ್ನು ಮಾತಾಡಿಸಿ ನೋಡಿ. 'ಎದಿ ಝಲ್ ಅಂತದ್ರೀ' ಎನ್ನುತ್ತಾಳೆ. 'ಕೈಕಾಲು ಹರೀತಾವ' ಎನ್ನುತ್ತಾಳೆ. 'ಜೀವ ಕಸಿವಿಸಿ ಆಗ್ತದ', 'ನಿದ್ದಿ ಹತ್ತವಲ್ದು', 'ಯಾತರ ಮ್ಯಾಲೂ ಮನಸ್ಸಿಲ್ಲ' ಎನ್ನುತ್ತಾಳೆ. ಇವು ಐದು ಬೇರೆ ಬೇರೆ ದೂರುಗಳು. ಒಂದರ ಹಿಂದೆ ರಕ್ತಹೀನತೆ ಇರಬಹುದು. ಒಂದರ ಹಿಂದೆ ಹೃದಯದ ತೊಂದರೆ ಇರಬಹುದು. ಒಂದರ ಹಿಂದೆ ಗುಳೆ ಹೋದ ಮಗನ ಚಿಂತೆ, ಇನ್ನೊಂದರ ಹಿಂದೆ ಗಂಡನ ಕುಡಿತದ ಭಯ ಇರಬಹುದು. ಆದರೆ ಮೇಜಿನ ಆಚೆ ಕುಳಿತವರಿಗೆ ಈ ಸೀಮೆಯ ಮಾತು ತಿಳಿಯದಿದ್ದರೆ ಏನಾಗುತ್ತದೆ? ಐದೂ ಮಾತು ಸೇರಿ ಒಂದೇ ಇಂಗ್ಲಿಷ್ ಪದವಾಗಿ ಚೀಟಿಯ ಮೇಲೆ ಬೀಳುತ್ತದೆ. ಒಂದು ಸೂಜಿ, ನಾಲ್ಕು ಗುಳಿಗೆ. ತಾಯಿ ಮನೆಗೆ. ಸಂಕಟವೂ ಅವಳ ಜೊತೆಯಲ್ಲೇ ಮನೆಗೆ!

ವೈದ್ಯರನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಬಾಗಿಲಿನ ಆಚೆ ಸಾಲು ನಿಂತಿರುವಾಗ ಒಬ್ಬೊಬ್ಬರ ಕಥೆ ಕೇಳುತ್ತ ಕೂರಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ನಮ್ಮ ಪ್ರಶ್ನೆ ಬೇರೆ. ರೋಗಿಯ ಮಾತನ್ನು ಕೇಳಿ, ಅರ್ಥ ಮಾಡಿಕೊಂಡು, ಅವನ ನಡವಳಿಕೆಯನ್ನೂ ಭಯವನ್ನೂ ತಿಳಿದು, ಚಿಕಿತ್ಸೆಗೆ ಅವನನ್ನು ಸಿದ್ಧಪಡಿಸುವ ಒಂದು ವಿದ್ಯೆಯೇ ಇದೆ. ಅದಕ್ಕೆ ಆರೋಗ್ಯ ಮನೋವಿಜ್ಞಾನ ಎಂದು ಹೆಸರು. ಆ ವಿದ್ಯೆ ಕಲಿತವರು ನಮ್ಮ ಸುರಪುರ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೆ? ಅಂಥದೊಂದು ಓದು ಇದೆ, ಅದರಿಂದ ಅನ್ನ ಹುಟ್ಟುತ್ತದೆ ಎಂದು ನಮ್ಮ ಪಿಯುಸಿ ಹುಡುಗ ಹುಡುಗಿಯರಿಗೆ ಯಾರಾದರೂ ಹೇಳಿದ್ದಾರೆಯೇ?

ಹೇಳಿಲ್ಲ. ಅದಕ್ಕೇ ಈ ಲೇಖನ. ವಿದ್ಯಾರ್ಥಿಗಳೇ, ಇದು ನಿಮಗಾಗಿ. ನಿಮ್ಮ ಅಪ್ಪ ಅವ್ವನಿಗೂ ಓದಿ ಹೇಳಿ.

ಅಂದು ಕಚೇರಿ, ಇಂದು ದವಾಖಾನೆ

ನಮ್ಮ ಸೀಮೆಯ ಹಿರಿಯರಿಗೆ ದುಭಾಷಿಯ ಕಷ್ಟ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಹೊಲದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು 'ಇದರಾಗ ಏನು ಬರದಾರ?' ಎಂದು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾದ ಕಾಲ ಅದು. ತನ್ನ ಹೊಲ, ತನ್ನ ತಕರಾರು, ಆದರೆ ಮಾತು ಮಾತ್ರ ಇನ್ನೊಬ್ಬರ ಬಾಯಲ್ಲಿ! ಆ ಕಾಲದಲ್ಲೇ ಇದೇ ರಂಗಂಪೇಟೆಯಲ್ಲಿ ಕನ್ನಡ ಸಾಹಿತ್ಯ ಸಂಘ ಹುಟ್ಟಿತು. ಕನ್ನಡ ಓದುವುದೇ ದುರ್ಲಭವಾಗಿದ್ದ ನೆಲದಲ್ಲಿ ಕನ್ನಡದ ದೀಪ ಹಚ್ಚಿದವರ ಊರು ಇದು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ನಾವು ಕನ್ನಡ ನಾಡಿಗೆ ಸೇರಿದೆವು. ಕಚೇರಿಗೆ ಕನ್ನಡ ಬಂತು.

ದವಾಖಾನೆಗೆ ಬಂತೇ? ಚೀಟಿ ಇಂಗ್ಲಿಷಿನಲ್ಲಿ. ಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋದರೆ ಆಪರೇಷನ್ನಿಗೆ ಮೊದಲು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದವೂ ಎಷ್ಟೋ ಕಡೆ ಇಂಗ್ಲಿಷಿನಲ್ಲಿ. ಅಂದು ಹೊಲದ ಕಾಗದವಾಗಿತ್ತು, ಇಂದು ದೇಹದ ಕಾಗದ. ಹೊಲ ಹೋದರೆ ಕೋರ್ಟಿನಲ್ಲಿ ಹೊಡೆದಾಡಬಹುದು. ಜೀವ ಹೋದರೆ?

ಇದು ಕನ್ನಡಕ್ಕಷ್ಟೇ ಸೇರಿದ ನ್ಯಾಯವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ನಮ್ಮ ಪಕ್ಕದ ಮನೆಯ ಉರ್ದು ಮಾತಿನ ಅಜ್ಜಿಗೂ, ತಾಂಡಾದ ಲಂಬಾಣಿ ತಾಯಿಗೂ ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳುವ ಹಕ್ಕಿದೆ. ಆ ಮಾತುಗಳೂ ಬರುವವರು ಇದೇ ಊರಿನ ಮಕ್ಕಳೇ ಹೊರತು ದೂರದಿಂದ ವರ್ಗವಾಗಿ ಬಂದವರಲ್ಲ.

ಏನಿದು ಆರೋಗ್ಯ ಮನೋವಿಜ್ಞಾನ?

'ಓಹೋ, ಹುಚ್ಚರ ಡಾಕ್ಟರ್ ಆಗೋದಾ?' ಎಂದು ನಗುವವರು ಇದ್ದಾರೆ. ನಗಲಿ. ಮೊದಲು ವ್ಯತ್ಯಾಸ ತಿಳಿದುಕೊಳ್ಳೋಣ.

ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋರೋಗ ಚಿಕಿತ್ಸೆಯಲ್ಲಿ ತಜ್ಞರಾದವರು. ಔಷಧಿ ಬರೆಯುವ ಅಧಿಕಾರ ಅವರಿಗಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಃಶಾಸ್ತ್ರ ಓದಿ, ಮಾನಸಿಕ ಕಾಯಿಲೆಗಳ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು. ಅವರು ಔಷಧಿ ಬರೆಯುವುದಿಲ್ಲ. ಆರೋಗ್ಯ ಮನೋವಿಜ್ಞಾನ ಇವೆರಡರ ಪಕ್ಕದ ಹೊಲ. ಅದರ ರೋಗಿಗೆ 'ಮಾನಸಿಕ ಕಾಯಿಲೆ' ಇರಲೇಬೇಕೆಂದಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಟಿಬಿ, ಕ್ಯಾನ್ಸರ್, ಹೃದಯದ ತೊಂದರೆ, ಹೆರಿಗೆ, ತಂಬಾಕಿನ ಚಟ, ಇವುಗಳಲ್ಲಿ ಮನಸ್ಸಿನ ಪಾಲೇನು, ನಡವಳಿಕೆಯ ಪಾಲೇನು, ಮನೆಯವರ ಪಾಲೇನು ಎಂದು ನೋಡುವ ವಿದ್ಯೆ ಇದು.

ಹೊರದೇಶದಲ್ಲಿ ಈ ವಿದ್ಯೆಗೆ ಪ್ರತ್ಯೇಕ ನೆಲೆ ಸಿಕ್ಕಿ ಬಹಳ ವರ್ಷವೇನೂ ಆಗಿಲ್ಲ. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ಒಂದು ಮಾತು ಮುಂದಿಟ್ಟರು. ರೋಗವನ್ನು ಬರೀ ದೇಹದಲ್ಲಿ ಹುಡುಕಿದರೆ ಸಾಲದು. ದೇಹ, ಮನಸ್ಸು, ಸಮಾಜ ಮೂರನ್ನೂ ಕೂಡಿಸಿ ನೋಡಬೇಕು ಎಂಬುದು ಅವರ ವಾದ. ಮರುವರ್ಷ, 1978ರಲ್ಲಿ, ಅಮೆರಿಕದ ಮನೋವಿಜ್ಞಾನಿಗಳ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನದ ವಿಭಾಗವೇ ತೆರೆಯಿತು. ನಮ್ಮ ಹಳ್ಳಿಯ ಸೂಲಗಿತ್ತಿಗೆ ಈ ಮಾತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಣಂತಿಯ ದೇಹ ನೋಡುವ ಮೊದಲು ಅವಳ ಅತ್ತೆಯ ಮುಖ ನೋಡುತ್ತಿದ್ದವಳು ಅವಳು!

ಉದಾಹರಣೆಗೆ ಟಿಬಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಟಿಬಿಗೆ ಆರು ತಿಂಗಳ ಔಷಧಿ. ಸರ್ಕಾರ ಪುಕ್ಕಟೆ ಕೊಡುತ್ತದೆ. ಒಂದೆರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ಮೈ ಹಗುರಾಗುತ್ತದೆ. 'ಆರಾಮ ಆಯ್ತು' ಎಂದು ರೋಗಿ ಗುಳಿಗೆ ಬಿಡುತ್ತಾನೆ. ಅಥವಾ ಅಷ್ಟರಲ್ಲಿ ಗುಳೆಯ ಕಾಲ ಬರುತ್ತದೆ. ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾನೆ. ಅಲ್ಲಿ ಗುಳಿಗೆ ಎಲ್ಲಿ ಕೇಳಬೇಕೋ ಗೊತ್ತಿಲ್ಲ, ಕೇಳಿದರೆ ಮೇಸ್ತ್ರಿ ಕೆಲಸದಿಂದ ತೆಗೆದಾನೆಂಬ ಅಂಜಿಕೆ. ಅರ್ಧಕ್ಕೆ ಬಿಟ್ಟ ಟಿಬಿ ತಿರುಗಿ ಬರುತ್ತದೆ, ಈ ಸಲ ಹಳೆಯ ಔಷಧಿಗೆ ಬಗ್ಗದ ಟಿಬಿಯಾಗಿಯೂ ಬರಬಹುದು. ಇಲ್ಲಿ ಸೋತದ್ದು ಔಷಧಿಯಲ್ಲ. ಆ ಮನುಷ್ಯನ ಜೊತೆ ಕುಳಿತು, 'ಆರಾಮ ಆದ ಮ್ಯಾಲೂ ಯಾಕ ನುಂಗಬೇಕು, ಊರು ಬಿಟ್ಟರ ಎಲ್ಲಿ ಕೇಳಬೇಕು' ಎಂದು ಅವನ ಮಾತಿನಲ್ಲಿ ತಿಳಿಸಿ ಹೇಳುವವರು ಇರಲಿಲ್ಲ.

ಇದು ನಮ್ಮ ಸೀಮೆಯ ಅಜ್ಞಾನ ಎಂದು ಪಟ್ಟಣದವರು ಮೂಗು ಮುರಿಯಬೇಕಾಗಿಲ್ಲ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಕೊಟ್ಟಿದೆ. ಓದು ಬರಹ ಬಲ್ಲ ದೇಶಗಳ ಗತಿಯೇ ಇದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ. ರಾಜ್ಯದ ಸರಾಸರಿ 75.36. ಚೀಟಿ ಓದಲಾಗದವರ ಊರಲ್ಲಿ ಮಾತಾಡುವವರೂ ಇಲ್ಲದಿದ್ದರೆ ಔಷಧಿ ಯಾರ ಹೊಟ್ಟೆಗೆ ಹೋಗಬೇಕು?

ಕನ್ನಡದಲ್ಲಿ ಆಗದೆಂದವರು ಯಾರು?

'ಮನಃಶಾಸ್ತ್ರವೆಲ್ಲ ಇಂಗ್ಲಿಷಿನ ವಿದ್ಯೆ. ಕನ್ನಡದಲ್ಲಿ ಎಲ್ಲಿ ಸಾಧ್ಯ?' ಎನ್ನುವ ಪಂಡಿತರಿದ್ದಾರೆ. ಅವರಿಗೆ ಸ್ವಲ್ಪ ಇತಿಹಾಸ ಓದಿಸಬೇಕು.

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಇಡೀ ದೇಶದಲ್ಲಿ ಕಲ್ಕತ್ತೆಯ ನಂತರ ಅದೇ. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದವರೂ ಅವರೇ. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಆ ಹೆಸರೇ ಬಂತು. ನೋಡಿದಿರಾ? ದೇಶಕ್ಕೆ ಆಕಾಶವಾಣಿ ಕೊಟ್ಟವರು ಕನ್ನಡ ನಾಡಿನ ಒಬ್ಬ ಮನಃಶಾಸ್ತ್ರದ ಮೇಷ್ಟ್ರು!

ಉತ್ತರದ ಕಡೆಯವರೂ ಹಿಂದೆ ಬಿದ್ದಿರಲಿಲ್ಲ. ವಿ.ವಿ. ಕಾಮತ್ ಎಂಬವರು ಮಕ್ಕಳ ಬುದ್ಧಿ ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. 'ಬಾಂಬೆ ಕರ್ನಾಟಕ' ಪರಿಷ್ಕರಣೆ ಎಂದೇ ಅದು ಹೆಸರಾಯಿತು. ಪರದೇಶದ ಪ್ರಶ್ನೆ ಕೇಳಿ ನಮ್ಮ ಮಗುವನ್ನು ದಡ್ಡ ಎನ್ನಬಾರದು ಎಂಬ ತಿಳುವಳಿಕೆ ಸ್ವಾತಂತ್ರ್ಯಕ್ಕೂ ಮುಂಚೆಯೇ ಇಲ್ಲಿತ್ತು.

ಕೊರವಂಜಿ ಪತ್ರಿಕೆಯಲ್ಲಿ ಕನ್ನಡಿಗರನ್ನು ನಗಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸಿನ ಕಾಯಿಲೆಗಳನ್ನು ಕುರಿತು ಅವರು ಕನ್ನಡದಲ್ಲಿ ಬರೆದ 'ಮನ ಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಖಿನ್ನತೆ, ಆತಂಕ, ಗೀಳು, ಆಪ್ತ ಸಲಹೆ, ಈ ಮಾತುಗಳೆಲ್ಲ ಇಂದು ಕನ್ನಡದ ಮನೆಮಾತಾಗಿದ್ದರೆ ಇಂಥವರ ಬರವಣಿಗೆಯ ಪುಣ್ಯ.

ಇನ್ನೂ ಹತ್ತಿರದ ಮಾತು ಕೇಳಿ. 1985ರಲ್ಲಿ ನಿಮ್ಹಾನ್ಸ್‌ನವರು ಒಂದು ಇಡೀ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಪ್ರಯೋಗ ನಡೆಸಲು ಹೊರಟಾಗ ಆರಿಸಿಕೊಂಡದ್ದು ನಮ್ಮದೇ ಭಾಗದ ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಹಳ್ಳಿಯವರ ಮಾತಿನಲ್ಲೇ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಹಿಂದುಳಿದವರೆಂದು ಹಣೆಪಟ್ಟಿ ಹಚ್ಚಿಸಿಕೊಂಡ ನಾವೇ ದೇಶಕ್ಕೆ ದಾರಿ ತೋರಿದವರು. ಆದರೆ ದಾರಿ ತೋರಿದ ನೆಲದ ಮಕ್ಕಳು ಆ ದಾರಿಯಲ್ಲಿ ಎಷ್ಟು ನಡೆದರು?

ಕಾನೂನು ನಮ್ಮ ಕಡೆ ಇದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ತೆಗೆದು ನೋಡಿ. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ರೋಗಿಯ ಒಪ್ಪಿಗೆ ಎಂದರೇನು ಎಂದು ಅದರಲ್ಲಿ ಬರೆದಿದ್ದಾರೆ. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ ಎಲ್ಲವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಿದ ಮೇಲೆ ಕೊಟ್ಟದ್ದಷ್ಟೇ ಒಪ್ಪಿಗೆ. 22ನೇ ಕಲಮಿನಲ್ಲಿ ಮತ್ತೆ ಅದೇ ಮಾತು: ತನಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ರೋಗಿಯ ಹಕ್ಕು. ಹಕ್ಕು ಸ್ವಾಮಿ, ಹಕ್ಕು! ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಭಿಕ್ಷೆಯಲ್ಲ.

ಕಾನೂನು ಕೊಟ್ಟ ಈ ಹಕ್ಕು ಸುರಪುರದಲ್ಲಿ ನಿಜವಾಗಬೇಕಾದರೆ ಸುರಪುರದ ಮಾತು ಬಲ್ಲ, ಶಾಸ್ತ್ರವನ್ನೂ ಬಲ್ಲ ಜನ ಬೇಕು. ಇತರ ಎಷ್ಟೋ ನೌಕರಿಗಳಲ್ಲಿ ಕನ್ನಡಿಗರಿಗೆ ಆದ್ಯತೆ ಕೊಡಿ ಎಂದು ನಾವು ಬೇಡಬೇಕು, ಹೋರಾಡಬೇಕು, ಸರೋಜಿನಿ ಮಹಿಷಿ ವರದಿಯನ್ನು ನೆನಪಿಸುತ್ತಲೇ ಇರಬೇಕು. ಆದರೆ ಈ ನೌಕರಿಯಲ್ಲಿ ಸ್ಥಳೀಯ ಭಾಷೆಯೇ ಕೆಲಸದ ಹತಾರ. ಕಂಬಾರನಿಗೆ ಸುತ್ತಿಗೆ ಹೇಗೋ ಆಪ್ತ ಸಮಾಲೋಚಕರಿಗೆ ಮಾತು ಹಾಗೆ. 'ಎದಿ ಝಲ್ ಅಂತದ' ಎಂದರೆ ಏನು, 'ಎದಿ ಒಡದು ಹೋಗೇದ' ಎಂದರೆ ಏನು ಎಂಬ ವ್ಯತ್ಯಾಸ ರಂಗಂಪೇಟೆಯ ಹುಡುಗಿಗೆ ತಾಯಿಯ ಮಡಿಲಲ್ಲೇ ತಿಳಿದಿದೆ. ಇನ್ನೊಬ್ಬರು ಅದನ್ನು ಹೊಸದಾಗಿ ಕಲಿಯಬೇಕು. ಈ ಬಂಡವಾಳ ನಿಮ್ಮ ಬಳಿ ಇದೆ. ಅದಕ್ಕೆ ಶಾಸ್ತ್ರದ ಓದು ಕೂಡಿಸಿದರೆ ನಿಮ್ಮನ್ನು ಮೀರಿಸುವವರು ಯಾರು?

ಕೆಲಸ ಎಲ್ಲಿದೆ?

ಅಪ್ಪ ಅವ್ವ ಕೇಳುವ ಪ್ರಶ್ನೆ ಇದೇ. ನ್ಯಾಯವಾದ ಪ್ರಶ್ನೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಸಮುದಾಯ ನರ್ಸ್ ಹುದ್ದೆಗಳಿವೆ. 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಶಿಬಿರಗಳನ್ನು ನಡೆಸುವ ಯೋಜನೆ ನಮ್ಮ ರಾಜ್ಯದ್ದು. ಎಚ್.ಐ.ವಿ. ಪರೀಕ್ಷಾ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರಿದ್ದಾರೆ. ಹದಿಹರೆಯದವರಿಗಾಗಿ ಇರುವ 'ಸ್ನೇಹ' ಕ್ಲಿನಿಕ್‌ಗಳಲ್ಲಿ, ಸಕ್ಕರೆ ಕಾಯಿಲೆ ಮತ್ತು ಬಿಪಿಯ ಅಸಾಂಕ್ರಾಮಿಕ ರೋಗ ಕ್ಲಿನಿಕ್‌ಗಳಲ್ಲಿ, ತಂಬಾಕು ಬಿಡಿಸುವ ಕೇಂದ್ರಗಳಲ್ಲಿ ಸಮಾಲೋಚಕರ ಕೆಲಸವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಫೋನಿನ ಮೇಲೆ ಸಲಹೆ ಕೊಡುವವರು ಬೇಕು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ. ಯಾದಗಿರಿಗೇ ವೈದ್ಯಕೀಯ ಕಾಲೇಜು ಬಂದಿದೆ. ಹೃದಯ ಕೊಯ್ಯಿಸಿಕೊಂಡವನಿಗೂ ಕ್ಯಾನ್ಸರ್ ಎಂದು ಕೇಳಿ ಕುಸಿದ ತಾಯಿಗೂ ಧೈರ್ಯ ಹೇಳಲು ಬಲ್ಲವರ ಅಗತ್ಯ ಇಂಥ ಎಲ್ಲ ಕಡೆ ಇದೆ.

2021ರಲ್ಲಿ ಬಂದ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮನೋವಿಜ್ಞಾನಿಗಳು, ರೋಗ ಸಮಾಲೋಚಕರು, ಎಚ್.ಐ.ವಿ. ಮತ್ತು ಕುಟುಂಬ ಯೋಜನಾ ಸಮಾಲೋಚಕರು, ವೈದ್ಯಕೀಯ ಸಮಾಜ ಕಾರ್ಯಕರ್ತರು ಎಲ್ಲರನ್ನೂ ಆರೋಗ್ಯ ವೃತ್ತಿಯವರೆಂದು ಪಟ್ಟಿಗೆ ಸೇರಿಸಿದೆ. ನಿನ್ನೆಯವರೆಗೆ ಹೆಸರಿಲ್ಲದ ಕೆಲಸಕ್ಕೆ ಹೆಸರು ಬಂದಿದೆ. ಹೆಸರು ಬಂದಲ್ಲಿ ನೋಂದಣಿ ಬರುತ್ತದೆ, ನಿಯಮ ಬರುತ್ತದೆ.

ಕಹಿ ಮಾತನ್ನೂ ಮುಚ್ಚಿಡುವುದಿಲ್ಲ. ಸರ್ಕಾರಿ ಕಾರ್ಯಕ್ರಮಗಳ ಈ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು. ಸಂಬಳ ದೊಡ್ಡದಲ್ಲ. ಮಂಜೂರಾದ ಹುದ್ದೆಗೂ ತುಂಬಿದ ಹುದ್ದೆಗೂ ಅಜಗಜಾಂತರ ಇರುವುದು ನಮ್ಮ ನಾಡಿನ ಹಳೆಯ ರೋಗ. ಒಂದೇ ವರ್ಷದಲ್ಲಿ ಕೈತುಂಬ ದುಡ್ಡು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದಾರಿ ಯಾವುದು?

ವಿದ್ಯಾರ್ಥಿಗಳೇ, ಈಗ ಗಮನವಿಟ್ಟು ಓದಿ.

ಪಿಯುಸಿಯಲ್ಲಿ ಮನಃಶಾಸ್ತ್ರ ಒಂದು ವಿಷಯವಾಗಿ ಇದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೂ ಎದೆಗುಂದಬೇಡಿ. ಕಲಾ ವಿಭಾಗದಲ್ಲಿ ಓದಿದವರೂ ಪದವಿಯಲ್ಲಿ ಮನಃಶಾಸ್ತ್ರ ಆರಿಸಿಕೊಳ್ಳಬಹುದು. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್‌ಸಿ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಮನಃಶಾಸ್ತ್ರ ವಿಭಾಗಗಳಿವೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ನಡೆಯುವ ಸಿಯುಇಟಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಎರಡನೆಯ ದಾರಿ ಸಮಾಜ ಕಾರ್ಯದ್ದು. ಪದವಿ ಮುಗಿಸಿ ಎಂ.ಎಸ್.ಡಬ್ಲ್ಯೂ. ಸೇರಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯವನ್ನು ವಿಶೇಷ ವಿಷಯವಾಗಿ ಆರಿಸಿಕೊಂಡರೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಎಂ.ಎ. ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸನ್ನೇ ಮುಗಿಸಿ, ಅಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಇಂಥ ತರಬೇತಿ ನಡೆದುಬಂದಿದೆ. ಎಂ.ಫಿಲ್. ಪದವಿಯ ನಿಯಮಗಳು ಈಚಿನ ವರ್ಷಗಳಲ್ಲಿ ಬದಲಾಗಿವೆ. ಆದ್ದರಿಂದ ಅರ್ಜಿ ಹಾಕುವ ವರ್ಷ ಪರಿಷತ್ತಿನ ಪಟ್ಟಿಯನ್ನು ಕಣ್ಣಾರೆ ನೋಡಿಯೇ ಫೀ ಕಟ್ಟಿ.

ಮೋಸದ ಬಗ್ಗೆ ಎರಡು ಎಚ್ಚರ. ಒಂದು, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ಅಂಚೆ ಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಆದೇಶ ಮಾಡಿದೆ. 'ಮನೆಯಲ್ಲೇ ಕೂತು ಎಂ.ಎ. ಮಾಡಿ' ಎಂದು ದುಡ್ಡು ಕೇಳಿದರೆ ಬಾಗಿಲು ತೋರಿಸಿ. ಎರಡು, ಮೂರು ತಿಂಗಳ ಸರ್ಟಿಫಿಕೇಟ್ ಕೊಟ್ಟು 'ನೀವೀಗ ಸೈಕಾಲಜಿಸ್ಟ್' ಎನ್ನುವ ಅಂಗಡಿಗಳು ಪಟ್ಟಣಗಳಲ್ಲಿ ಹುಟ್ಟಿಕೊಂಡಿವೆ. ತಿಳುವಳಿಕೆಗೆ ಕಲಿಯುವುದಾದರೆ ಕಲಿಯಿರಿ. ಅದನ್ನೇ ಬೋರ್ಡು ಮಾಡಿ ನೇತು ಹಾಕಿದರೆ ಅದು ಜನರ ಜೀವದ ಜೊತೆ ಆಟ.

ನಮ್ಮ ಭಾಗಕ್ಕೆ ಸಂವಿಧಾನವೇ ಕೊಟ್ಟ ಬಲ 371(ಜೆ) ಕಲಮು. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಅದು. ಅದರ ಮೇಲೆ 2013ರಲ್ಲಿ ಹೊರಟ ಆದೇಶಗಳ ಪ್ರಕಾರ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಈ ಭಾಗದವರಿಗೆ. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ 'ಸಿ' ದರ್ಜೆಯಲ್ಲಿ ನೂರಕ್ಕೆ 80, 'ಡಿ' ದರ್ಜೆಯಲ್ಲಿ ನೂರಕ್ಕೆ 85 ಸ್ಥಳೀಯರಿಗೆ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಪ್ರವೇಶದ ಹಿಂದಿನ ದಿನ ಓಡಾಡಿ ಸೀಟು ಕಳೆದುಕೊಂಡವರ ಕಥೆ ಸಾಕಷ್ಟಾಗಿದೆ.

ಒಂದು ಕಿವಿಮಾತು. ಇಂಗ್ಲಿಷನ್ನೂ ಕಲಿಯಿರಿ. ಇದನ್ನು ಕನ್ನಡದ ಪತ್ರಿಕೆಯೇ ಹೇಳುತ್ತಿದೆ! ನಿಮ್ಹಾನ್ಸ್ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿದೆ, ದೊಡ್ಡ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಗ್ರಂಥ ಓದಲು ಇಂಗ್ಲಿಷ್ ಇರಲಿ, ಮನುಷ್ಯರನ್ನು ಓದಲು ಕನ್ನಡ ಇರಲಿ. ಇಂಗ್ಲಿಷಿನಲ್ಲಿ ಓದಿದ್ದನ್ನು ರಂಗಂಪೇಟೆಯ ಮಾತಿನಲ್ಲಿ ಹೇಳಲು ಬಂದ ದಿನ ನಿಮ್ಮ ಓದು ಪೂರ್ತಿಯಾಯಿತು ಎಂದು ತಿಳಿಯಿರಿ.

ಇನ್ನೊಂದು ಮಾತು. ಈ ವೃತ್ತಿಯಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಎಲ್ಲರೂ ಎಲ್ಲರಿಗೂ ಗೊತ್ತಿರುವ ನಮ್ಮಂಥ ಊರಲ್ಲಿ ಇದು ಕಷ್ಟದ ವ್ರತ. ಒಬ್ಬ ತಂಗಿ ನಿಮ್ಮ ಮುಂದೆ ಅತ್ತದ್ದು ಸಂಜೆ ಕಟ್ಟೆಯ ಮೇಲೆ ಮಾತಾದರೆ ಆಮೇಲೆ ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬಾಯಿ ಬಿಗಿ ಹಿಡಿಯಲಾಗದವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಒತ್ತಾಯ

ವಿದ್ಯಾರ್ಥಿಗಳು ಓದಿದರೆ ಸಾಕೆ? ಸರ್ಕಾರ ಕೈಕಟ್ಟಿ ಕೂತಿರಬೇಕೆ? ನಮ್ಮ ಬೇಡಿಕೆಗಳು ಇವು.

ಯಾದಗಿರಿ ಜಿಲ್ಲೆಯ ಸರ್ಕಾರಿ ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಮನಃಶಾಸ್ತ್ರ ವಿಷಯವನ್ನು ತೆರೆಯಬೇಕು, ಉಪನ್ಯಾಸಕರನ್ನು ಕೊಡಬೇಕು. ಮಾನಸಿಕ ಆರೋಗ್ಯ ಮತ್ತು ಆಪ್ತ ಸಮಾಲೋಚನೆಯ ಹುದ್ದೆಗಳನ್ನು ಖಾಯಂ ಮಾಡಿ ತುಂಬಬೇಕು. ಆಯ್ಕೆಯಲ್ಲಿ ಸ್ಥಳೀಯ ಮಾತಿನ ಪರೀಕ್ಷೆ ಇರಬೇಕು. ಅಂಕಪಟ್ಟಿಯ ಕನ್ನಡ ಸಾಲದು, ರೋಗಿಯ ಜೊತೆ ಮಾತಾಡಿ ತೋರಿಸುವ ಕನ್ನಡ ಬೇಕು. ಆಸ್ಪತ್ರೆಯ ಒಪ್ಪಿಗೆ ಪತ್ರ, ಔಷಧಿ ಚೀಟಿಯ ಸೂಚನೆಗಳು ಕನ್ನಡದಲ್ಲಿ ಇರಬೇಕು. ಉಪನ್ಯಾಸಕರಾಗಲು ಬರೆಯುವ ಎನ್.ಇ.ಟಿ. ಪರೀಕ್ಷೆಯ ಮನಃಶಾಸ್ತ್ರ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದೆ. ಹಿಂದಿಯವನಿಗೆ ಅವನ ತಾಯಿನುಡಿ ಸಿಗುತ್ತದೆ, ಕನ್ನಡದವನಿಗೆ ಯಾಕಿಲ್ಲ? ಅದು ಕನ್ನಡದಲ್ಲೂ ಬರಬೇಕು.

ಇವನ್ನು ಬರೆದು ಕೈತೊಳೆದುಕೊಂಡರೆ ಆಗಲಿಲ್ಲ. ಓದುಗರೇ, ನಿಮಗೂ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಕಟ್ಟಿ ಜಿಲ್ಲಾ ಆರೋಗ್ಯ ಇಲಾಖೆಗೆ ಮೂರು ಪ್ರಶ್ನೆ ಕೇಳಿ. ಯಾದಗಿರಿ ಜಿಲ್ಲೆಗೆ ಮಂಜೂರಾದ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತ, ಆಪ್ತ ಸಮಾಲೋಚಕ ಹುದ್ದೆಗಳು ಎಷ್ಟು? ತುಂಬಿದ್ದು ಎಷ್ಟು? ಸುರಪುರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ತಿಂಗಳಲ್ಲಿ ಎಷ್ಟು ದಿನ ಬರುತ್ತಾರೆ? ಬಂದ ಉತ್ತರವನ್ನು ಶಾಸಕರ ಮುಂದೆ ಇಡಿ, ಕಾಲೇಜಿನ ಫಲಕಕ್ಕೆ ಅಂಟಿಸಿ, ನಮಗೂ ಕಳಿಸಿ. ಅಚ್ಚು ಹಾಕುತ್ತೇವೆ.

ಇದನ್ನು ಓದುತ್ತಿರುವವರ ಮನೆಯಲ್ಲೇ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, 'ಇನ್ನು ಸಾಕು' ಎನ್ನುತ್ತಿದ್ದರೆ ಯಾವ ಬೇಡಿಕೆ ಈಡೇರುವ ತನಕವೂ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನು ಹಚ್ಚಿ. ಪುಕ್ಕಟೆ, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತಿರದ ದವಾಖಾನೆಗೂ ಕರೆದುಕೊಂಡು ಹೋಗಿ. ಇದರಲ್ಲಿ ನಾಚಿಕೆಯ ಮಾತೇ ಇಲ್ಲ.

ನಮ್ಮ ಹಿರಿಯರು ಕಚೇರಿಯ ಬಾಗಿಲಲ್ಲಿ ದುಭಾಷಿಗಾಗಿ ಕಾದು ನಿಂತರು. ಅವರ ಮಕ್ಕಳು ಕನ್ನಡ ಕಲಿತು ಆ ಕಚೇರಿಯ ಒಳಗೆ ಕುರ್ಚಿ ಹಿಡಿದರು. ಈಗ ದವಾಖಾನೆಯ ಸರದಿ. ಪಿಯುಸಿ ಫಲಿತಾಂಶ ಬಂದ ದಿನ 'ಮುಂದೇನು?' ಎಂದು ಊರೆಲ್ಲ ಕೇಳುತ್ತದಲ್ಲ, ಆಗ ರಂಗಂಪೇಟೆಯ ಒಬ್ಬ ಹುಡುಗಿಯಾದರೂ, ತಿಮ್ಮಾಪುರದ ಒಬ್ಬ ಹುಡುಗನಾದರೂ 'ಮನಃಶಾಸ್ತ್ರ ಓದ್ತೀನಿ' ಎಂದು ಗಟ್ಟಿಯಾಗಿ ಹೇಳಲಿ. ನಗುವವರು ನಗಲಿ. ನಾಳೆ ಅವರಿಗೇ ಎದಿ ಝಲ್ ಅಂದಾಗ ಹುಡುಕಿಕೊಂಡು ಬರುವುದು ನಿಮ್ಮ ಬಾಗಿಲಿಗೇ!